ಕರೆಂಟ್ ಹೋದಾಗ ಹ್ಯಾಂಡಲ್ ತಿರುಗಿಸೋ ರೇಡಿಯೋ-ಟಾರ್ಚ್: ಯಾವುದು ತಗೋಬೇಕ್ರಿ?

ಹಾನಗಲ್ ಕಡೆಯಿಂದ

ನಮಸ್ಕಾರ ಎಲ್ಲರಿಗೂ. ಅಪ್ಪ-ಅವ್ವ ಇಬ್ಬರೇ ಊರಲ್ಲಿರ್ತಾರೆ, ನನ್ನ ನೌಕರಿ ಹುಬ್ಬಳ್ಳಿಯಲ್ಲಿ. ಹೋದ ತಿಂಗಳು ಗಾಳಿ-ಮಳೆಗೆ ಮರ ಬಿದ್ದು ತಂತಿ ಹರಿದು ಎರಡು ರಾತ್ರಿ ಕರೆಂಟ್ ಇರಲಿಲ್ಲ. ಎರಡನೇ ದಿನ ಅವರ ಮೊಬೈಲೂ ಬಂದ್. ಜೀವ ತಡೀಲಿಲ್ಲ, ಬಸ್ ಹಿಡಿದು ಹೋಗಿ ನೋಡಿ ಬಂದೆ. ಹ್ಯಾಂಡಲ್ ತಿರುಗಿಸಿದರೆ ನಡೆಯೋ ರೇಡಿಯೋ, ಅದರಲ್ಲೇ ಟಾರ್ಚ್, ಮೊಬೈಲ್ ಚಾರ್ಜಿಂಗ್, ಮೇಲೆ ಸೋಲಾರ್ ಇರೋ ಸೆಟ್‌ಗಳನ್ನ ಆನ್‌ಲೈನ್‌ನಲ್ಲಿ ನೋಡಿದೆ. ಬಳಸಿದವರು ಇದ್ದರೆ ನಿಮ್ಮ ಅನುಭವ ಹೇಳ್ರಿ. ಅಪ್ಪನಿಗೆ 71 ವರ್ಷ. ಅವ್ವನಿಗೆ ಮೊಣಕಾಲು ನೋವು, ಕಣ್ಣೂ ಸ್ವಲ್ಪ ಮಂದ.

ಧಾರವಾಡದಿಂದ

20 ವರ್ಷ ರೇಡಿಯೋ, ಟೇಪ್ ರಿಪೇರಿ ಮಾಡಿದವನು ನಾನು. ಇಂಥ ಸೆಟ್ ಮೂರು ಬಿಚ್ಚಿ ನೋಡಿದ್ದೇನೆ, ಒಂದು ಮನೆಯಲ್ಲೇ ಇದೆ. ಎಲ್ಲರೂ ಹ್ಯಾಂಡಲ್ ನೋಡಿ ಮರುಳಾಗ್ತಾರೆ. ಮೊದಲು ನೋಡಬೇಕಾದ್ದು ನಮ್ಮ ಸ್ಟೇಷನ್ ಹಿಡಿಯುತ್ತೋ ಇಲ್ಲವೋ ಅನ್ನೋದು. 1950ರಲ್ಲಿ ಶುರುವಾದ ನಮ್ಮ ಧಾರವಾಡ ಆಕಾಶವಾಣಿ ಮೀಡಿಯಂ ವೇವ್‌ನಲ್ಲಿ (ಸೆಟ್ ಮೇಲೆ ಎಂಡಬ್ಲ್ಯೂ ಇಲ್ಲಾ ಎಎಂ ಅಂತ ಇರುತ್ತದೆ) 765 ಕಿಲೋಹರ್ಟ್ಸ್. ಎಫ್‌ಎಂ ಅಷ್ಟೇ ಇರೋ ಸೆಟ್ ಹಳ್ಳಿಗೆ ಬೇಡ. ಎಫ್‌ಎಂ ನೆಟ್ಟಗೆ ಹೋಗೋ ಅಲೆ, ದೂರ ಆದಂತೆ, ಗುಡ್ಡ ಅಡ್ಡ ಬಂದಂತೆ ಕೈ ಬಿಡುತ್ತದೆ. ಮೀಡಿಯಂ ವೇವ್ ನೆಲ ಹಿಡಿದು ಸಾಗುತ್ತದೆ, ಹಾನಗಲ್‌ವರೆಗೂ ಬರುತ್ತದೆ.

ಇನ್ನೊಂದು, ಇದು ಡಬ್ಬಿಯ ಮೇಲೆ ಯಾರೂ ಬರೆದಿರೋದಿಲ್ಲ. ಆನ್‌ಲೈನ್‌ನಲ್ಲಿ ಸಿಗೋ ಎಷ್ಟೋ ಸೆಟ್‌ಗಳು ಅಮೆರಿಕಕ್ಕೆ ಅಂತ ಮಾಡಿದವು. ಅವುಗಳಲ್ಲಿ ಡಿಜಿಟಲ್ ಇದ್ದರೆ ಬಟನ್ ಒತ್ತಿದಾಗ 750, 760, 770 ಅಂತ ಹತ್ತತ್ತು ಜಿಗಿಯುತ್ತದೆ. ನಮ್ಮ ಮೀಡಿಯಂ ವೇವ್ ಸ್ಟೇಷನ್‌ಗಳೆಲ್ಲ 9ರ ಮಗ್ಗಿಯಲ್ಲಿ ಕೂತಿವೆ. 765 ಅದಕ್ಕೆ ಸಿಗೋದೇ ಇಲ್ಲ, ಒಂದೋ ಈ ಕಡೆ ಇಲ್ಲಾ ಆ ಕಡೆ ನಿಂತು ಕರಕರ ಅನ್ನುತ್ತದೆ. 9ಕ್ಕೆ ಬದಲಿಸೋ ಸೌಲಭ್ಯ ಇದ್ದರೆ ಸರಿ. ಇಲ್ಲಾ ಮುಳ್ಳಿನ ಡಯಲ್ ಇರೋ ಹಳೇ ಮಾದರಿ ತಗೋರಿ, ವಯಸ್ಸಾದವರ ಕೈಗೂ ಅದೇ ಹೊಂದುತ್ತದೆ. ‘ಡಬ್ಲ್ಯೂಬಿ’ ಅಂತ ಬರೆದು ಹವಾಮಾನದ ಎಚ್ಚರಿಕೆ ಬರುತ್ತದೆ ಅಂತ ಜಾಹೀರಾತು ಇರುತ್ತದೆ. ಅದು 162 ಮೆಗಾಹರ್ಟ್ಸ್ ಹತ್ತಿರದ ಅಮೆರಿಕದ ಹವಾಮಾನ ಸೇವೆ, ನಮ್ಮಲ್ಲಿ ಅದರಲ್ಲಿ ಏನೂ ಬರೋದಿಲ್ಲ. ಅದಕ್ಕಂತ ಒಂದು ರೂಪಾಯಿ ಹೆಚ್ಚು ಕೊಡಬೇಡ್ರಿ.

ಹ್ಯಾಂಡಲ್‌ನಿಂದ ಮೊಬೈಲ್ ಚಾರ್ಜ್ ಆಗೋ ಮಾತು ಮರೆತುಬಿಡ್ರಿ. 5,000 ಎಂಎಎಚ್ ಮೊಬೈಲ್ ಬ್ಯಾಟರಿ ಅಂದರೆ ಹೆಚ್ಚುಕಡಿಮೆ 18 ವ್ಯಾಟ್-ಅವರ್. ಅಂಗೈಯಷ್ಟು ಸೆಟ್ಟಿನ ಹ್ಯಾಂಡಲ್ಲು 3 ವ್ಯಾಟ್ ಕೊಟ್ಟರೆ ದೊಡ್ಡದು. ಅಂದರೆ ಆರು ತಾಸು ಬಿಡದೆ ತಿರುಗಿಸಬೇಕು, ನಡುವೆ ಸೋರಿ ಹೋಗೋದು ಬೇರೆ. 71ರ ಅಪ್ಪ ಅದನ್ನ ಮಾಡೋದಾಗಲಿ, ನೀವು ಮಾಡಿಸೋದಾಗಲಿ ಬೇಡ. ಒಂದು ಫೋನ್ ಮಾಡೋವಷ್ಟು ಜೀವ ಬರಿಸಬಹುದು, ಅಷ್ಟೇ. ರೇಡಿಯೋದ ಮಾತು ಬೇರೆ, ಅದು ಉಣ್ಣೋದೇ ಕಡಿಮೆ. ನನ್ನ ಸೆಟ್ ಒಂದು ನಿಮಿಷ ತಿರುಗಿಸಿದರೆ ಸಣ್ಣ ದನಿಯಲ್ಲಿ ಏಳೆಂಟು ನಿಮಿಷ ಮಾತಾಡುತ್ತದೆ.

ಒಳಗೆ ಏನಿದೆ ಅಂದರೆ, ಹ್ಯಾಂಡಲ್ಲಿನ ಬುಡದಲ್ಲಿ ಮೂರು ನಾಲ್ಕು ಬಿಳೀ ಪ್ಲಾಸ್ಟಿಕ್ ಚಕ್ರ, ಕೊನೆಗೆ ಒಂದು ಪುಟ್ಟ ಡೈನಮೊ. ಚಕ್ರದ ಹಲ್ಲು ಜೋಳದ ಕಾಳಿನ ಅರ್ಧ ಕೂಡ ಇರೋದಿಲ್ಲ. ನನ್ನ ಹತ್ತಿರ ಬಂದ ಮೂರರಲ್ಲಿ ಎರಡು ಸೆಟ್ ಆ ಹಲ್ಲು ಮುರಿದೇ ಬಂದಿದ್ದವು. ಹುಡುಗರು ಜೋರಾಗಿ ತಿರುಗಿಸಿ ತಟ್ಟನೆ ನಿಲ್ಲಿಸಿದ್ದರು. ಸೆಕೆಂಡಿಗೆ ಎರಡು ಸುತ್ತು, ಒಂದೇ ಸಮ ತಿರುಗಿಸಿದರೆ ಸಾಕು. ತಗೊಳ್ಳುವಾಗ ಮಡಚಿದ ಹ್ಯಾಂಡಲ್ ಬಿಡಿಸಿ ಅಲುಗಾಡಿಸಿ ನೋಡ್ರಿ, ಕೀಲು ಲಟಲಟ ಅಂದರೆ ಬಿಟ್ಟುಬಿಡ್ರಿ. ಒಳಗಿನ ಬ್ಯಾಟರಿ ಬದಲಿಸೋಕೆ ಬರುತ್ತಾ ಕೇಳ್ರಿ. ವೈರಿಗೆ ಬೆಸುಗೆ ಹಾಕಿದ ಬ್ಯಾಟರಿ ಸತ್ತರೆ ಸೆಟ್ಟೂ ಸತ್ತಂತೆ.

ಅಂಗಡಿಯಲ್ಲಿ ಹಚ್ಚಿ ನೋಡಿದಾಗ ಗರಗರ ಅಂದರೆ ಗಾಬರಿ ಬೇಡ. ಎಲ್‌ಇಡಿ ಬಲ್ಬು, ಚಾರ್ಜರ್‌ಗಳು ಮೀಡಿಯಂ ವೇವ್ ಕೆಡಿಸುತ್ತವೆ. ಹೊರಗೆ ಕಟ್ಟೆ ಮೇಲೆ ತಂದು ಕೇಳ್ರಿ. ಊರಲ್ಲಿ ಕರೆಂಟ್ ಹೋದ ಹೊತ್ತಿಗೇ ಅದು ಚೊಕ್ಕ ಕೇಳುತ್ತದೆ. ಏರಿಯಲ್ ಎಳೆದು ಪ್ರಯೋಜನ ಇಲ್ಲ, ಅದು ಎಫ್‌ಎಂಗೆ. ಮೀಡಿಯಂ ವೇವ್‌ನ ಆಂಟೆನಾ ಒಳಗಿರೋ ಕಪ್ಪು ಕಡ್ಡಿ, ಹಾಗಾಗಿ ಸೆಟ್ಟನ್ನೇ ಗಡಿಯಾರದ ಮುಳ್ಳಿನ ಹಾಗೆ ಮೆಲ್ಲಗೆ ತಿರುಗಿಸಿ ದನಿ ಸ್ಪಷ್ಟ ಬರೋ ದಿಕ್ಕು ಹುಡುಕಬೇಕು.

ಗದಗ ಜಿಲ್ಲೆ, ರೋಣದಿಂದ

ಅಣ್ಣಾರು ಹೇಳಿದ್ದು ಖರೇ ಐತ್ರಿ. ಶೆಲ್ ಹಾಕಾಕ ಬರೋದನ್ನ ತಗೋರಿ ಅಂತ ನಾ ಹೇಳ್ತೀನಿ. 2019ರ ಆಗಸ್ಟ್‌ನಾಗ ಮಲಪ್ರಭಾ ಏರಿ ಹೊಳಿದಂಡಿ ಊರಿಗೆ ನೀರು ಹೊಕ್ಕಾಗ ನಮ್ಮ ಮಾವನವರು ಸಾಲ್ಯಾಗ ಇದ್ರು. ಮೊಬೈಲ್ ಎಲ್ಲಾರದೂ ಸತ್ತಿದ್ವು. ಒಬ್ರ ಹತ್ರ ಎರಡು ಶೆಲ್ಲಿನ ಹಳೇ ರೇಡಿಯೋ ಇತ್ತು, ಡ್ಯಾಮಿನಿಂದ ಎಷ್ಟು ನೀರು ಬಿಟ್ಟಾರ ಅನ್ನೋ ಸುದ್ದಿ ಅದ್ರಾಗ ಕೇಳಿ ಮಂದಿ ಮನೀಗೆ ಹೋಗೂದಾ ಬ್ಯಾಡಾ ನೋಡ್ತಿದ್ರು. ಶೆಲ್ ಹಳ್ಳಿ ಕಿರಾಣಿ ಅಂಗಡ್ಯಾಗೂ ಸಿಗ್ತಾವು. ಆದ್ರ ಸೆಟ್ನಾಗ ಹಾಕಿ ವರ್ಷಗಟ್ಟಲೆ ಇಡಬ್ಯಾಡ್ರಿ, ಸೋರಿ ಹಸಿರು ಕಿಲುಬು ಹಿಡೀತೈತಿ. ಒಂದು ಪ್ಲಾಸ್ಟಿಕ್ ಚೀಲದಾಗ ಹಾಕಿ ಸೆಟ್ಟಿಗೇ ಕಟ್ಟಿಡ್ರಿ.

ಹುಬ್ಬಳ್ಳಿ, ವಿದ್ಯಾನಗರದಿಂದ

ತಮ್ಮಾ, ನಾನು ಅಕ್ಕನ ಹಾಗೆ ಹೇಳ್ತೀನಿ. ಎಲ್ಲಾ ಒಂದರಲ್ಲೇ ಇರೋದು ನೋಡೋಕೆ ಛಲೋ, ಇಬ್ಬರಿರೋ ಮನೆಗೆ ತೊಂದರೆ. ರಾತ್ರಿ ಅವ್ವ ಹಿತ್ತಲಿಗೆ ಹೋಗಬೇಕಂದ್ರೆ ಟಾರ್ಚ್ ಅಂತ ರೇಡಿಯೋನೇ ಹೊತ್ತೊಯ್ಯಬೇಕು, ಅಪ್ಪ ಕತ್ತಲಲ್ಲಿ ಕೂರಬೇಕು. ನಮ್ಮತ್ತೆಗೆ ಹಾಗೇ ಆಯ್ತು. ಬಾಗಿಲ ಹೊಸ್ತಿಲಲ್ಲಿ ಒಂದು ಕೈಲಿ ಆ ದಪ್ಪ ಸೆಟ್ಟು, ಇನ್ನೊಂದು ಕೈಲಿ ಕೋಲು, ಚಿಲಕ ತೆಗೆಯೋಕೆ ಕೈಯೇ ಇಲ್ಲ. ಅವತ್ತೇ ಬೇರೆ ಟಾರ್ಚ್ ತಂದೆ. ಅದರ ಸ್ವಿಚ್ ಒಂದೇ ಇರಲಿ, ಕೈಗೆ ದಾರ ಇರಲಿ. ನಾಲ್ಕು ಸಲ ಒತ್ತಿದರೆ ನಾಲ್ಕು ಥರ ಮಿಣುಕೋದು ಬೇಡ. ಮನೆಯೊಳಗೆ ದೂರ ಚಿಮ್ಮೋ ಬೆಳಕು ಬೇಕಾಗಿಲ್ಲ, ಹರಡೋ ಬೆಳಕು ಬೇಕು. ಟಾರ್ಚನ್ನ ಗ್ಲಾಸಿನಲ್ಲಿ ನಿಲ್ಲಿಸಿ ಮೇಲೊಂದು ಬಿಳೀ ಪ್ಲಾಸ್ಟಿಕ್ ಚೀಲ ಹೊದಿಸಿದರೆ ಕೋಣೆಯೆಲ್ಲ ಬೆಳಕಾಗುತ್ತೆ, ಮಂದ ಕಣ್ಣಿಗೂ ಚುಚ್ಚೋದಿಲ್ಲ. ಮೊಬೈಲ್‌ಗೆ 10,000 ಎಂಎಎಚ್ ಪವರ್ ಬ್ಯಾಂಕ್ ಒಂದು, ಜೊತೆಗೆ ಬಟನ್ ಫೋನ್ ಒಂದು ಇಡು. ಬಟನ್ ಫೋನ್ ದಿನಗಟ್ಟಲೆ ನಡೆಯುತ್ತೆ.

ಹಾವೇರಿಯಿಂದ

ಸೋಲಾರ್ ಬಗ್ಗೆ ನನ್ನ ಅನುಭವ. ಮೇಲಿನ ಪಟ್ಟಿ ಬೆಂಕಿಪೊಟ್ಟಣ ಎರಡು ಜೋಡಿಸಿದಷ್ಟು. ದಿನವಿಡೀ ಬಿಸಿಲಿಗಿಟ್ಟರೂ ಬ್ಯಾಟರಿ ತುಂಬೋಕೆ ನಾಲ್ಕೈದು ದಿನ. ಮಳೆಗಾಲದಲ್ಲಿ, ಅಂದರೆ ಬೇಕಾದಾಗಲೇ, ಬಿಸಿಲಿಲ್ಲ. ನಾನು ಮೇ ತಿಂಗಳಲ್ಲಿ ತಗಡಿನ ಮೇಲಿಟ್ಟು ಮರೆತೆ, ಲಿಥಿಯಂ ಬ್ಯಾಟರಿ ಉಬ್ಬಿ ಹಿಂದಿನ ಮುಚ್ಚಳ ಎದ್ದುಬಂತು. ಉಬ್ಬಿದ್ದನ್ನ ಮತ್ತೆ ಚಾರ್ಜಿಗೆ ಹಾಕಬಾರದು, ಚುಚ್ಚಬಾರದು. ಕಪಾಟಿನಲ್ಲಿ ವರ್ಷ ಸುಮ್ಮನಿಟ್ಟರೂ ಬ್ಯಾಟರಿ ಕೆಡುತ್ತದೆ. ನಮ್ಮನೇಲಿ ಅಮವಾಸ್ಯೆಗೊಮ್ಮೆ ತೆಗೆದು ಚಾರ್ಜ್ ಮಾಡಿ ಐದು ನಿಮಿಷ ಹಚ್ಚುತ್ತೇವೆ, ಅಮವಾಸ್ಯೆ ಅಂದರೆ ಅಪ್ಪನೂ ಮರೆಯೋದಿಲ್ಲ.

ತಂತಿ ಹರಿದು ಬಿದ್ದಿದ್ದರೆ ಟಾರ್ಚ್ ಹಿಡಿದು ನೋಡೋಕೆ ಹೋಗಬೇಡ ಅಂತ ಹಿರಿಯರಿಗೆ ಹೇಳ್ರಿ. ದೂರದಿಂದಲೇ ಕರೆಂಟಿನವರ ದೂರಿನ ನಂಬರ್ 1912ಕ್ಕೆ ಫೋನ್ ಮಾಡಬೇಕು. ಆ ನಂಬರ್ ಗೋಡೆ ಮೇಲೆ ದಪ್ಪಗೆ ಬರೆದಿಡ್ರಿ.

ಹಾನಗಲ್ ಕಡೆಯಿಂದ, 12 ದಿನದ ಮೇಲೆ

ಎಲ್ಲರಿಗೂ ಶರಣು. ಮುಳ್ಳಿನ ಡಯಲ್‌ನ ಸೆಟ್ ತಗೊಂಡೆ. ಹ್ಯಾಂಡಲ್ ಇದೆ, ಮೂರು ಶೆಲ್ಲೂ ಹಿಡಿಯುತ್ತದೆ. ಟಾರ್ಚ್ ಬೇರೆ, ಪವರ್ ಬ್ಯಾಂಕ್ ಬೇರೆ. ಡಯಲ್ ಮೇಲೆ 765 ಬರೆದಿಲ್ಲ, 70 ಆದ ಮೇಲೆ 80 ಇದೆ, ಅಂದರೆ 700 ಮತ್ತು 800. ನಡುವೆ ಸ್ಟೇಷನ್ ಬಂದ ಕಡೆ ಅವ್ವ ತನ್ನ ಹಣೆಯ ಟಿಕಳಿ ಒಂದು ಹಚ್ಚಿದಳು. ಈಗ ಕತ್ತಲಲ್ಲೂ ಬೆರಳಿಗೆ ಸಿಗುತ್ತದೆ. ಮೊನ್ನೆ ರಾತ್ರಿ ಕರೆಂಟ್ ಹೋದಾಗ ಅಪ್ಪನೇ ಫೋನ್ ಮಾಡಿ, ಪಡಸಾಲೆ ಕಿಟಕಿಯಲ್ಲಿ ಅಡ್ಡ ಇಟ್ಟರೆ ಛಲೋ ಕೇಳುತ್ತದೆ ಅಂದರು. ಫೋನಿನಲ್ಲಿ ಅವರ ಮಾತಿನ ಹಿಂದೆ ಧಾರವಾಡ ಕೇಂದ್ರದ ದನಿ ಕೇಳುತ್ತಿತ್ತು.

ಒಂದೇ ತೊಂದರೆ, ಶೆಲ್ಲಿನ ಮುಚ್ಚಳ ಸಡಿಲ ಇದೆ, ಎತ್ತಿದಾಗೆಲ್ಲ ಬೀಳುತ್ತದೆ.

ಧಾರವಾಡದಿಂದ

ಟೇಪ್ ಹಚ್ಚಬೇಡ್ರಿ, ಅಂಟು ಉಳಿಯುತ್ತದೆ. ಹಳೇ ಸೈಕಲ್ ಟ್ಯೂಬಿನಿಂದ ಒಂದು ಬೆರಳಗಲ ಉಂಗುರ ಕೊಯ್ದು ಸೆಟ್ಟಿಗೆ ಏರಿಸಿ. ಕೈಗೆ ಹಿಡಿತವೂ ಸಿಗುತ್ತದೆ.