ಮೊಲ ಬೆಳಗಿನ ಜಾವ ಪಂಜರದ ಸರಳು ಕಚ್ಚುತ್ತದೆ: ಆಹಾರವನ್ನು ಅಡಗಿಸಿ ಕೊಡುವುದು ಸರಿಯೇ?

ಪ್ರಶ್ನೆ: ಹುಲೇಕಲ್ ರಸ್ತೆ, ಶಿರಸಿ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಎರಡು ವರ್ಷದ ಗಂಡು ಮೊಲವೊಂದಿದೆ. ಬೂದು ಬಣ್ಣ, ಹಾಗಾಗಿ ಮಗಳು ಅದಕ್ಕೆ ಬೂದಿ ಎಂದೇ ಹೆಸರಿಟ್ಟಿದ್ದಾಳೆ. ತೂಕ ಎರಡು ಕಿಲೋಗೆ ತುಸು ಕಡಿಮೆ. ಬೆಳಿಗ್ಗೆ ಏಳಕ್ಕೆ ಒಂದು ಬಟ್ಟಲು ತುಂಬ ಪೆಲೆಟ್ (ಅಂಗಡಿಯ ಗುಳಿಗೆಯಂಥ ಒಣ ಆಹಾರ), ಸಂಜೆ ಒಂದು ಕ್ಯಾರೆಟ್ ಮತ್ತು ಕೊತ್ತಂಬರಿ ಸೊಪ್ಪು ಕೊಡುತ್ತೇವೆ. ಬಟ್ಟಲು ಹತ್ತು ನಿಮಿಷದಲ್ಲಿ ಖಾಲಿ. ಆಮೇಲೆ ಇಡೀ ದಿನ ಮೂಲೆ ಹಿಡಿದು ಕುಳಿತಿರುತ್ತದೆ.

ಒಂದು ತಿಂಗಳಿನಿಂದ ಬೆಳಗಿನ ಜಾವ ನಾಲ್ಕು ಗಂಟೆಗೆ ಸರಳು ಕಚ್ಚತೊಡಗಿದೆ. ಕರಕರ ಸದ್ದಿಗೆ ಮನೆಯವರೆಲ್ಲ ಎಚ್ಚರ. ನಾನು ಎದ್ದು ಹೋಗಿ ಒಂದು ಹಿಡಿ ಪೆಲೆಟ್ ಹಾಕಿದರೆ ಸುಮ್ಮನಾಗುತ್ತದೆ. ಪಶುವೈದ್ಯರಿಗೆ ತೋರಿಸಿದೆವು. ಹಲ್ಲು, ಹೊಟ್ಟೆ ಎಲ್ಲ ಸರಿಯಾಗಿದೆ, ಅದಕ್ಕೆ ಮಾಡಲು ಕೆಲಸವಿಲ್ಲ, ಆಹಾರವನ್ನು ಹುಡುಕಿ ತಿನ್ನುವಂತೆ ಮಾಡಿ ಎಂದರು. ಒಳಗೆ ಪೆಲೆಟ್ ತುಂಬಿಸುವ ಪ್ಲಾಸ್ಟಿಕ್ ಚೆಂಡೊಂದನ್ನು ತರಿಸಿದೆ. ಎರಡೇ ದಿನದಲ್ಲಿ ಅದರ ಅಂಚನ್ನು ಕಚ್ಚಿ ಚೂರು ಮಾಡಿತು. ಹೆದರಿಕೆಯಾಗಿ ಎಸೆದುಬಿಟ್ಟೆ.

ತವರುಮನೆಯಲ್ಲಿ ಅಡಿಕೆ ತೋಟವಿದೆ. ಅಡಿಕೆ ಹಾಳೆ (ಸೋಗೆಯ ಬುಡದ ಅಗಲ ಪದರ), ಕರಟ, ಬಾಳೆ ಎಲೆಗೆ ಬರವಿಲ್ಲ. ಇವುಗಳಿಂದಲೇ ಏನಾದರೂ ಮಾಡಬಹುದೇ? ಇನ್ನೊಂದು ಮಾತು ಕೇಳಲೇಬೇಕು. "ಹಸಿದ ಜೀವದ ಎದುರಿನಿಂದ ಊಟ ಮುಚ್ಚಿಡುವುದು ಪಾಪವಲ್ಲವೇ" ಎಂದು ನಮ್ಮ ಆಯಿ ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ.

ಉತ್ತರ: ಕೋಡಿಬಾಗದ ಅಕ್ಕ, ಕಾರವಾರ

ತಂಗಿ, ನಿಮ್ಮ ಬರಹವನ್ನು ಎರಡು ಸಲ ಓದಿದೆ. ಪೆಲೆಟ್ ಇದೆ, ಕ್ಯಾರೆಟ್ ಇದೆ, ಕೊತ್ತಂಬರಿ ಇದೆ, ಹುಲ್ಲಿನ ಮಾತೇ ಇಲ್ಲ. ಮೊದಲು ಅದನ್ನು ಸರಿಮಾಡಿ, ಆಟ ಆಮೇಲೆ. ಮೊಲದ ಆಹಾರದಲ್ಲಿ ಬಹುಪಾಲು ಹುಲ್ಲೇ ಇರಬೇಕು, ಹಗಲು ರಾತ್ರಿ ಮುಗಿಯದಷ್ಟು. ಅದರ ಹಲ್ಲು ಜೀವವಿರುವವರೆಗೆ ಬೆಳೆಯುತ್ತಲೇ ಇರುತ್ತದೆ, ಮುಂದಿನ ಹಲ್ಲು ವಾರಕ್ಕೆ ಸುಮಾರು 2 ಮಿಲಿಮೀಟರ್. ಅದು ಸವೆಯುವುದೂ, ಕರುಳು ಕೆಲಸ ಮಾಡುತ್ತಿರುವುದೂ ಹುಲ್ಲಿನ ನಾರಿನಿಂದ. ಎರಡು ಕಿಲೋ ಮೊಲಕ್ಕೆ ದಿನಕ್ಕೆ 50 ಗ್ರಾಂ ಪೆಲೆಟ್ ಸಾಕು, ಅದೂ ಹೆಚ್ಚೆಂದರೆ. ನಿಮ್ಮ ಬಟ್ಟಲಿನಲ್ಲಿ ಎಷ್ಟು ಹಿಡಿಯುತ್ತದೆ ಎಂದು ಒಮ್ಮೆ ತೂಗಿ ನೋಡಿ. ಒಮ್ಮೆಲೇ ಕಡಿಮೆ ಮಾಡಬೇಡಿ. ಎರಡು ವಾರ ತೆಗೆದುಕೊಂಡು ಪೆಲೆಟ್ ಇಳಿಸುತ್ತ, ಹುಲ್ಲು ಏರಿಸುತ್ತ ಹೋಗಿ. ಕ್ಯಾರೆಟ್ ಸಿಹಿ ಪದಾರ್ಥ. ದಿನಕ್ಕೊಂದು ಇಡೀ ಕ್ಯಾರೆಟ್ ಬೇಡ, ಬೆರಳ ತುದಿಯಷ್ಟು ತುಂಡು ಸಾಕು.

ಇಷ್ಟಾದರೆ ಆಯಿಯವರ ಪ್ರಶ್ನೆಗೂ ಉತ್ತರ ಸಿಕ್ಕಿತು. ಹುಲ್ಲನ್ನು ಯಾವತ್ತೂ ಅಡಗಿಸುವುದಿಲ್ಲ. ನೀರನ್ನೂ ಅಡಗಿಸುವುದಿಲ್ಲ. ಅಡಗಿಸುವುದು ಪೆಲೆಟ್ ಮತ್ತು ಸೊಪ್ಪಿನ ಪಾಲನ್ನು ಮಾತ್ರ. ಹೊಟ್ಟೆ ತುಂಬಿರುವ ಪ್ರಾಣಿಗೆ ಅದು ಹುಡುಕಾಟ, ಹಸಿದ ಪ್ರಾಣಿಗೆ ಮಾತ್ರ ಅದು ಹಿಂಸೆ. ಆಯಿಯವರ ಕಾಳಜಿ ತಪ್ಪಲ್ಲ, ನನಗೂ ಮೊದಲು ಹಾಗೆಯೇ ಅನಿಸಿತ್ತು.

ನನ್ನ ಅನುಭವ ಹೇಳುತ್ತೇನೆ. ಮಗ ಓದಲು ಹುಬ್ಬಳ್ಳಿಗೆ ಹೋಗುವಾಗ ಎರಡು ಗಿನಿಪಿಗ್‌ಗಳನ್ನು ನನ್ನ ಕೈಗೊಪ್ಪಿಸಿ ಹೋದ. ಅವುಗಳ ಹೆಸರು ಜೀರಿಗೆ ಮತ್ತು ಸಾಸಿವೆ. ಒಂದು ವರ್ಷ ನಾನೂ ಬಟ್ಟಲಿನಲ್ಲಿಯೇ ಹಾಕಿದೆ. ಸಾಸಿವೆ ದಪ್ಪಗಾಗಿ ಮಲಗಿದ್ದಲ್ಲಿಂದ ಏಳುತ್ತಿರಲಿಲ್ಲ. ಜೀರಿಗೆ ಅದರ ಬೆನ್ನಿನ ಕೂದಲು ಕಚ್ಚಿ ಕಚ್ಚಿ ಒಂದು ರೂಪಾಯಿ ನಾಣ್ಯದಷ್ಟು ಜಾಗವನ್ನು ಬೋಳು ಮಾಡಿತ್ತು. ಒಂದು ದಿನ ತೆಂಗಿನಕಾಯಿ ತುರಿದು ಉಳಿದ ಕರಟವನ್ನು ತೊಳೆದು, ಅಂಚನ್ನು ಅಂಗಳದ ಕಲ್ಲಿಗೆ ಉಜ್ಜಿ ನುಣ್ಣಗೆ ಮಾಡಿ, ನಾಲ್ಕು ಕೊತ್ತಂಬರಿ ಕಡ್ಡಿ ಒಳಗಿಟ್ಟು, ಮೇಲೆ ಹುಲ್ಲು ತುರುಕಿ ಗೂಡಿನಲ್ಲಿ ಇಟ್ಟೆ. ಸಾಸಿವೆ ಬಂದು ಮೂಸಿತು. ಹಿಂದೆ ಸರಿಯಿತು. ಮತ್ತೆ ಬಂದು ಒಂದೇ ಒಂದು ಹುಲ್ಲಿನ ಎಳೆಯನ್ನು ಎಳೆಯಿತು. ಎಳೆ ಉದ್ದಕ್ಕೂ ಬಂತು, ಅದನ್ನು ತಿಂದಿತು. ಇನ್ನೊಂದು ಎಳೆಯಿತು. ಕೊತ್ತಂಬರಿ ಕಡ್ಡಿಯ ತುದಿ ಕಂಡಾಗ ಅದರ ಗಂಟಲಿನಿಂದ ಹೊರಟ ಸಣ್ಣ ಗುಳುಗುಳು ಸದ್ದನ್ನು ಆ ಒಂದು ವರ್ಷದಲ್ಲಿ ನಾನು ಕೇಳಿರಲೇ ಇಲ್ಲ. ನಾಲ್ಕು ಕಡ್ಡಿ ಮುಗಿಯಲು ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತು ನಾನು ಅಡುಗೆಮನೆಯ ನೆಲದ ಮೇಲೆ ಕುಳಿತೇ ಇದ್ದೆ. ಎರಡು ಗಿನಿಪಿಗ್‌ಗೆ ಮೂರು ಕರಟ ಎನ್ನುವಂತೆ, ಎಷ್ಟು ಪ್ರಾಣಿ ಇವೆಯೋ ಅದಕ್ಕಿಂತ ಒಂದು ಹೆಚ್ಚು ಜಾಗದಲ್ಲಿ ಇಡತೊಡಗಿದ ಮೇಲೆ ಜೀರಿಗೆ ಕೂದಲು ಕಚ್ಚುವುದನ್ನೂ ಬಿಟ್ಟಿತು.

ಆದರೆ ಗಿನಿಪಿಗ್ ಬೇರೆ, ಮೊಲ ಬೇರೆ. ಗಿನಿಪಿಗ್ ಎಳೆಯುತ್ತದೆ, ನೂಕುತ್ತದೆ, ಅಷ್ಟೆ. ಮೊಲಕ್ಕೆ ಅಗೆಯಬೇಕು, ಹರಿಯಬೇಕು, ಹಲ್ಲಿನಿಂದ ಹಿಡಿದು ಎಸೆಯಬೇಕು. ಬೂದಿಗೆ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಕೊಡಿ. ಅದರ ಅಂಟುಪಟ್ಟಿ, ಪಿನ್ನು ಎಲ್ಲ ಕಿತ್ತುಹಾಕಿ. ಒಣಹುಲ್ಲು, ಒಣ ಬಾಳೆ ಎಲೆ, ಬಣ್ಣದ ಅಚ್ಚಿಲ್ಲದ ಕಾಗದದ ಚೂರು ತುಂಬಿಸಿ, ನಡುನಡುವೆ ಪೆಲೆಟ್ ಉದುರಿಸಿ. ಹಲಸಿನ ಎಲೆಯ ಕೊಟ್ಟೆ (ದೊನ್ನೆ) ಕಟ್ಟಲು ಆಯಿಯವರಿಗೆ ಬರುತ್ತದೆ, ನನಗೆ ಗೊತ್ತು. ಕಡುಬಿನ ಹಿಟ್ಟಿನ ಬದಲು ಒಳಗೆ ಪುದೀನ, ದಾಸವಾಳದ ಹೂವು ಇಡಲಿ. ಕಡ್ಡಿ ಚುಚ್ಚುವುದು ಮಾತ್ರ ಬೇಡ, ಬಾಯಿಗೆ ಚುಚ್ಚುತ್ತದೆ. ಎಲೆಯನ್ನೇ ಒಂದರೊಳಗೊಂದು ಸಿಕ್ಕಿಸಿದರಾಯಿತು.

ಮೊದಲ ವಾರ ಬಹಳ ಸುಲಭವಾಗಿರಲಿ, ಅರ್ಧ ಕಾಣುವಂತೆಯೇ ಇಡಿ. ಒಂದು ವಿಷಯ ತಿಳಿದಿರಿ: ಮೊಲಕ್ಕೆ ತನ್ನ ಮೂಗಿನ ಎದುರಿಗೇ ಇರುವುದು ಕಾಣುವುದಿಲ್ಲ. ಕಣ್ಣು ತಲೆಯ ಎರಡೂ ಬದಿಗಿರುವುದರಿಂದ ಹಿಂದಿನಿಂದ ಬರುವ ಗಿಡುಗ ಕಾಣುತ್ತದೆ, ಬಾಯಿಯ ಮುಂದಿನ ಕಾಳು ಕಾಣದು. ಅದನ್ನು ಮೂಸಿ, ಮೀಸೆಯಿಂದ, ತುಟಿಯಿಂದ ಮುಟ್ಟಿ ಹುಡುಕುತ್ತದೆ. ನೀವು ಬೆರಳು ತೋರಿಸಿ ಪ್ರಯೋಜನವಿಲ್ಲ. ವಾಸನೆಯ ದಾರಿ ಮಾಡಿ, ಅಲ್ಲೊಂದು ಇಲ್ಲೊಂದು ಪುದೀನ ಎಲೆ.

ಇನ್ನು ನಾಲ್ಕು ಗಂಟೆಯ ವಿಚಾರ. ಮೊಲ ಮುಂಜಾವಿಗೆ ಮತ್ತು ಮುಸ್ಸಂಜೆಗೆ ಚುರುಕಾಗುವ ಪ್ರಾಣಿ. ನಾಲ್ಕಕ್ಕೆ ಏಳುವುದು ಅದರ ಹುಟ್ಟುಗುಣ. ಸರಳು ಕಚ್ಚಿದರೆ ಪೆಲೆಟ್ ಬರುತ್ತದೆ ಎಂದು ಕಲಿಸಿದವರು ಮಾತ್ರ ನೀವು. ಬೇಸರ ಮಾಡಿಕೊಳ್ಳಬೇಡಿ, ಪ್ರೀತಿಯಿಂದಲೇ ಕಲಿಸಿದ್ದೀರಿ. ಇನ್ನು ಮೇಲೆ ರಾತ್ರಿ ಹತ್ತಕ್ಕೆ ಮಲಗುವ ಮುಂಚೆ ಪೆಟ್ಟಿಗೆಯಲ್ಲಿ ಕೆಲಸ ಇಟ್ಟು ಮಲಗಿ. ಕಚ್ಚಿದಾಗ ಏಳಬೇಡಿ. ಮೊದಲ ಕೆಲವು ರಾತ್ರಿ ಇನ್ನೂ ಜೋರಾಗಿ ಕಚ್ಚೀತು, ತಡೆದುಕೊಳ್ಳಿ. ಸಾಧ್ಯವಾದರೆ ಪಂಜರದ ಬಾಗಿಲು ತೆಗೆದು ಒಂದು ಕೋಣೆಯನ್ನೇ ಬಿಟ್ಟುಕೊಡಿ. ಪಂಜರ ಚಿಕ್ಕದಾದರೆ ಯಾವ ಆಟವೂ ಅದಕ್ಕೆ ಪರಿಹಾರವಲ್ಲ.

ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಹಿಕ್ಕೆ ಸಣ್ಣದಾದರೆ, ಕಡಿಮೆಯಾದರೆ, ಅರ್ಧ ದಿನ ಏನೂ ತಿನ್ನದಿದ್ದರೆ ಕಾಯಬೇಡಿ, ಅಂದೇ ವೈದ್ಯರಲ್ಲಿಗೆ ಹೋಗಿ.

ಉತ್ತರ: ತೋಟದ ಮನೆ, ಸಿದ್ದಾಪುರ

ಅಕ್ಕನವರು ಎಲ್ಲ ಹೇಳಿದ್ದಾರೆ. ತೋಟದವನಾಗಿ ಒಂದು ಎಚ್ಚರಿಕೆ ನನ್ನದು. ಮಳೆಗಾಲದಲ್ಲಿ ಅಡಿಕೆಯ ಕೊಳೆ ರೋಗಕ್ಕೆಂದು ಕೊನೆಗೌಡರು (ಮರ ಹತ್ತಿ ಅಡಿಕೆ ಕೊಯ್ಯುವವರು) ಬೋರ್ಡೋ ದ್ರಾವಣ ಹೊಡೆದಿರುತ್ತಾರೆ. ಅದು ಮೈಲುತುತ್ತ (ತಾಮ್ರದ ಲವಣ) ಮತ್ತು ಸುಣ್ಣ. ಹೊಡೆಯುವುದು ಅಡಿಕೆ ಗೊನೆಗೆ, ಆದರೆ ಹನಿ ಬೀಳುವುದು ಹಾಳೆಯ ಮೇಲೆ, ಬುಡದ ಹುಲ್ಲಿನ ಮೇಲೆ, ಪಕ್ಕದ ಬಾಳೆಯ ಮೇಲೆ. ಹಾಳೆಯ ಹೊರಮೈಯಲ್ಲಿ ನೀಲಿಬಿಳಿ ಕಲೆ ಕಂಡರೆ ಎರಡು ಕಿಲೋ ಪ್ರಾಣಿಗೆ ಅದನ್ನು ಕೊಡಲೇಬೇಡಿ. ತಾಮ್ರ ವಿಷ. ಔಷಧಿ ಹೊಡೆಯದ ಮರದ್ದು, ಇಲ್ಲವೇ ಬೇಸಿಗೆಯಲ್ಲಿ ಹೊಸದಾಗಿ ಬಿದ್ದ ಹಾಳೆಯನ್ನು ಆರಿಸಿ, ತೊಳೆದು ಬಿಸಿಲಿಗೆ ಒಣಗಿಸಿ. ಹಾಳೆ ನಮ್ಮ ಕೊಟ್ಟಿಗೆಯ ದನಗಳಿಗೂ ಮೇವು, ಜಗಿದರೆ ಭಯವಿಲ್ಲ. ಅಡಿಕೆ ಮಾತ್ರ, ಹಸಿಯಾಗಲಿ ಒಣಗಿದ್ದಾಗಲಿ, ಒಂದು ಚೂರೂ ಸಿಗದಂತೆ ನೋಡಿಕೊಳ್ಳಿ.

ಹುಲ್ಲಿಗೆ ಚಿಂತೆ ಯಾಕೆ? ದೀಪಾವಳಿ ಕಳೆದ ಮೇಲೆ ಬೆಟ್ಟದ ಕರಡ ಹುಲ್ಲು ಕೊಯ್ದು ಗೊಣಬೆ (ಬಣವೆ) ಹಾಕುತ್ತೇವಲ್ಲ, ಅದರಲ್ಲಿ ಊಬು (ತೆನೆಯ ಚೂಪು ಎಳೆ) ಬಿಟ್ಟಿರದ, ಹಸಿರು ಮಾಸದ ಹುಲ್ಲನ್ನು ಬೇರೆ ಮಾಡಿ ಇಟ್ಟುಕೊಳ್ಳಿ. ಊಬು ಕಣ್ಣಿಗೂ ಒಸಡಿಗೂ ಚುಚ್ಚಿಕೊಳ್ಳುತ್ತದೆ. ಭತ್ತದ ಹುಲ್ಲು ಹಾಸಲು ಆದೀತು, ಊಟಕ್ಕೆ ಅದರಲ್ಲಿ ಸಾರ ಕಡಿಮೆ. ಅಂಗಳದ ಗರಿಕೆ ಒಳ್ಳೆಯದು.

ಉತ್ತರ: ಶರಾವತಿ ದಂಡೆ, ಹೊನ್ನಾವರ

ಪಾಪವೇ ಎಂದು ಕೇಳಿದ ಆಯಿಯವರಿಗೆ ಒಂದು ಪ್ರಯೋಗದ ಕತೆ ಹೇಳಿ. 1963ರಲ್ಲಿ ಗ್ಲೆನ್ ಜೆನ್ಸನ್ ಎಂಬ ವಿಜ್ಞಾನಿ ಇಲಿಗಳ ಮುಂದೆ ಒಂದು ಬಟ್ಟಲಿನಲ್ಲಿ ಆಹಾರ ಸುಮ್ಮನೆ ಇಟ್ಟರು. ಪಕ್ಕದಲ್ಲಿ ಒತ್ತಿದರೆ ಆಹಾರ ಉದುರುವ ಸನ್ನೆಕೋಲು. ಬಟ್ಟಲು ತುಂಬಿದ್ದರೂ ಬಹಳ ಇಲಿಗಳು ಸನ್ನೆಕೋಲು ಒತ್ತಿ ಪಡೆದೇ ತಿಂದವು. ಆಮೇಲೆ ಕೋಳಿ, ಪಾರಿವಾಳ, ಕೋತಿಗಳಲ್ಲಿಯೂ ಇದೇ ಗುಣ ಕಂಡುಬಂದಿದೆ. ಮನೆಯ ಬೆಕ್ಕಿನಲ್ಲಿ ಮಾತ್ರ ಅಷ್ಟಾಗಿ ಕಂಡಿಲ್ಲ.

ನನ್ನ ಬಳಿ ಇರುವುದು ಒಂದು ಹ್ಯಾಮ್‌ಸ್ಟರ್, ಇಲಿಯಂಥ ಪುಟ್ಟ ಸಾಕುಪ್ರಾಣಿ. ಬಟ್ಟಲನ್ನು ತೆಗೆದೇಬಿಟ್ಟಿದ್ದೇನೆ. ಕಾಳನ್ನೆಲ್ಲ ದಪ್ಪಗೆ ಹಾಸಿದ ಕಾಗದದ ಚೂರಿನೊಳಗೆ ಬೆರೆಸಿಬಿಡುತ್ತೇನೆ. ರಾತ್ರಿ ಅದು ಒಂದೊಂದನ್ನೇ ಹೆಕ್ಕಿ, ಕೆನ್ನೆಯ ಚೀಲ ತುಂಬಿ ಮುಖ ಎರಡರಷ್ಟಾದ ಮೇಲೆ ತನ್ನ ಮೂಲೆಗೆ ಹೋಗಿ ಮುಂಗಾಲಿನಿಂದ ಒತ್ತಿ ಒತ್ತಿ ಹೊರಗೆ ಸುರಿಯುತ್ತದೆ. ಹೀಗೆ ಕೂಡಿಟ್ಟದ್ದನ್ನು ಸ್ವಚ್ಛ ಮಾಡುವ ಹೆಸರಿನಲ್ಲಿ ನಾವು ಪೂರ್ತಿ ಎತ್ತಿ ಎಸೆಯಬಾರದು. ಒಣಕಾಳು ಬಿಟ್ಟು ಹಸಿ ತುಂಡುಗಳನ್ನಷ್ಟೇ ತೆಗೆಯಬೇಕು.

ಕುಮಟಾ ಕಡೆಯಿಂದ ಬರುವಾಗ ಹೆದ್ದಾರಿಯ ಬದಿಯಲ್ಲಿ ತೂಗುಹಾಕಿದ ಸಿಹಿ ಈರುಳ್ಳಿ ಗೊಂಚಲು ಎಲ್ಲರೂ ತರುತ್ತೇವೆ. ಎಷ್ಟು ಸಿಹಿಯಾದರೂ ಈರುಳ್ಳಿ, ಬೆಳ್ಳುಳ್ಳಿ ಈ ಪ್ರಾಣಿಗಳಿಗೆ ವಿಷವೇ. ಕೆಸುವಿನ ಎಲೆ, ಕಣಗಿಲೆಯೂ ಬೇಡ.

ಪ್ರಶ್ನೆ ಕೇಳಿದವರು: ಹುಲೇಕಲ್ ರಸ್ತೆ, ಶಿರಸಿ

ಮೂರು ವಾರವಾಯಿತು, ಬರೆಯದೆ ಇರಲಾಗಲಿಲ್ಲ. ನಮ್ಮ ಬಟ್ಟಲನ್ನು ತೂಗಿದೆ: 140 ಗ್ರಾಂ ಪೆಲೆಟ್ ಹಿಡಿಯುತ್ತಿತ್ತು. ಬೆಳಗಿನ ಜಾವದ ಹಿಡಿ ಬೇರೆ. ಈಗ 45ಕ್ಕೆ ಇಳಿಸಿದ್ದೇವೆ. ಅಣ್ಣ ತವರುಮನೆಯಿಂದ ಎರಡು ಹೊರೆ ಕರಡ ಕಳುಹಿಸಿದ್ದಾನೆ. ಮೊದಲ ಐದು ರಾತ್ರಿ ಸರಳಿನ ಸದ್ದು ಮಿತಿಮೀರಿತು, ಮಗಳು ಅತ್ತಳು, ನಾನು ಹಾಸಿಗೆಯಲ್ಲಿಯೇ ಕೈ ಬಿಗಿಹಿಡಿದು ಮಲಗಿದೆ. ಆರನೆಯ ರಾತ್ರಿ ಕೇಳಿಸಿದ್ದು ರಟ್ಟು ಹರಿಯುವ ಸದ್ದು.

ಕೊಟ್ಟೆ ಕಟ್ಟುವುದು ಈಗ ಆಯಿಯವರ ಕೆಲಸ. ಶಿರಸಿಗೆ ಬಂದಾಗಲೆಲ್ಲ ಹಲಸಿನ ಎಲೆ ತರುತ್ತಾರೆ. ಬೂದಿ ಕೊಟ್ಟೆಯನ್ನು ಅಂಚಿನಲ್ಲಿ ಕಚ್ಚಿ ಎತ್ತಿ ನೆಲಕ್ಕೆ ಬಡಿಯುತ್ತದೆ, ಒಮ್ಮೆ, ಎರಡು ಸಲ. ಪುದೀನ ಹೊರಗೆ ಬಿದ್ದರೆ ಅದನ್ನು ಬಿಟ್ಟು ಮೊದಲು ಕೊಟ್ಟೆಯನ್ನೇ ತಿನ್ನುತ್ತದೆ. ತೂಕ 1,940 ಗ್ರಾಂ ಇದ್ದದ್ದು 1,900 ಆಗಿದೆ. ಇದು ಚಿಂತೆಯ ವಿಷಯವೇ ಅಕ್ಕ? ಹಾಳೆಯನ್ನು ಸುರುಳಿ ಸುತ್ತಿ ಒಳಗೆ ಹುಲ್ಲು ತುಂಬಿದರೆ ಬಿಚ್ಚಿಕೊಂಡುಬಿಡುತ್ತದೆ. ಏನಿಂದ ಕಟ್ಟಲಿ?

ಉತ್ತರ: ಕೋಡಿಬಾಗದ ಅಕ್ಕ, ಕಾರವಾರ

ನಲವತ್ತು ಗ್ರಾಂಗೆ ಹೆದರಬೇಡಿ, ಚೆನ್ನಾಗಿ ತಿನ್ನುತ್ತಿದೆ, ಹಿಕ್ಕೆ ದೊಡ್ಡದಾಗಿ ದುಂಡಗಿದೆ ಎಂದಾದರೆ ಸರಿ. ಮುಂದಿನ ಎರಡು ವಾರವೂ ಇಳಿಯುತ್ತಲೇ ಹೋದರೆ ವೈದ್ಯರಿಗೆ ತೋರಿಸಿ.

ಹಾಳೆಯನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಸಿ ಸುತ್ತಿ, ಕಟ್ಟಿಯೇ ಒಣಗಿಸಿ. ಒಣಗಿದ ಮೇಲೆ ಸುರುಳಿ ಹಾಗೆಯೇ ನಿಲ್ಲುತ್ತದೆ. ಕಟ್ಟಲು ಹೂ ಕಟ್ಟುವ ಬಾಳೆನಾರು ಸಾಕು, ಪ್ಲಾಸ್ಟಿಕ್ ದಾರ, ನೈಲಾನ್ ಬೇಡ. ಸುರುಳಿಯ ಬಾಯಿ ಮೊಲದ ತಲೆ ಹೊಕ್ಕು ಸಿಕ್ಕಿಕೊಳ್ಳುವಷ್ಟು ಇರಬಾರದು: ಒಂದೋ ಮೂತಿ ಮಾತ್ರ ಹೋಗುವಷ್ಟು ಕಿರಿದಾಗಿ ಸುತ್ತಿ, ಇಲ್ಲವೇ ಮೈಯೆಲ್ಲ ಹೊಕ್ಕು ಹೊರಬರುವಷ್ಟು ಅಗಲವಾಗಿ. ಜೂನ್ ಬರುವ ಮುಂಚೆ ಹುಲ್ಲನ್ನು ಒಲೆಯ ಮೇಲಿನ ಅಟ್ಟಕ್ಕೆ ಏರಿಸಿಬಿಡಿ. ಮಳೆಗಾಲದಲ್ಲಿ ಬೂಷ್ಟು ವಾಸನೆ ಸ್ವಲ್ಪ ಬಂದರೂ ಆ ಹುಲ್ಲು, ಆ ಹಾಳೆ ಗೊಬ್ಬರದ ಗುಂಡಿಗೆ. ನಾನು ಕಾರವಾರದಲ್ಲಿ ಆ ನಾಲ್ಕು ತಿಂಗಳು ಹಾಳೆಯನ್ನು ಮುಟ್ಟುವುದೇ ಇಲ್ಲ, ಕರಟ ಮತ್ತು ರಟ್ಟಿನಲ್ಲಿಯೇ ಕಳೆಯುತ್ತೇನೆ.