ಆಡ್‌ಸೆನ್ಸ್ ಪಿನ್ ಬಂದಿಲ್ಲ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ಕಡೆಯವನು. ಎರಡು ವರ್ಷದಿಂದ ಅಡಿಕೆ, ಕಾಳುಮೆಣಸಿನ ಬಗ್ಗೆ ಕನ್ನಡದಲ್ಲಿ ಬ್ಲಾಗ್ ಬರೆಯುತ್ತಿದ್ದೇನೆ. ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಮಾಡೋದು ಹೇಗೆ (100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ) ಅಂತ ಬರೆದದ್ದನ್ನು ಮಳೆಗಾಲದಲ್ಲಿ ಜನ ಹುಡುಕಿಕೊಂಡು ಬರುತ್ತಾರೆ. ಉಳಿದ ತಿಂಗಳು ಓದುವುದು ನಾನು, ನನ್ನ ಹೆಂಡತಿ ಅಷ್ಟೇ!

ಬ್ಲಾಗಿನಲ್ಲಿ ಜಾಹೀರಾತು ತೋರಿಸಿ ದುಡ್ಡು ಕೊಡುವ ಗೂಗಲ್‌ನ ಆಡ್‌ಸೆನ್ಸ್ ಹಾಕಿದ್ದೇನೆ. ಅಂತೂ ಅದರ ಗಳಿಕೆ 10 ಡಾಲರ್ ದಾಟಿತು. ವಿಳಾಸ ಖಚಿತ ಮಾಡೋ ಗುಪ್ತ ಸಂಖ್ಯೆ (ಪಿನ್) ಗೂಗಲ್‌ನಿಂದ ಅಂಚೆಯಲ್ಲಿ ಬರಬೇಕು. ಆರು ವಾರ ಆಯ್ತು, ಪತ್ರ ಇಲ್ಲ. ತಪ್ಪು ನನ್ನದೇ. ವಿಳಾಸದಲ್ಲಿ ಅಪ್ಪನ ಹೆಸರು ಹಾಕಿಲ್ಲ, ನಮ್ಮೂರಲ್ಲಿ ನನ್ನ ಹೆಸರಿನವರೇ ಮೂರು ಜನ. ನಾಲ್ಕು ತಿಂಗಳೊಳಗೆ ಪಿನ್ ಹಾಕದಿದ್ದರೆ ಜಾಹೀರಾತು ನಿಲ್ಲುತ್ತದೆ. ವಿಳಾಸ ತಿದ್ದಿ ಹೊಸ ಪಿನ್ ಕೇಳಿದರೆ ಸಾಕಾ? ಹಾಗೆ ಮಾಡಿದವರು ಇದ್ದೀರಾ?

ಇನ್ನೊಂದು ವಿಷಯ. 100 ಡಾಲರ್ ಆದ ಮೇಲೆ ದುಡ್ಡು ಬ್ಯಾಂಕಿಗೆ ಬರಲು ಸ್ವಿಫ್ಟ್ ಕೋಡ್ (ವಿದೇಶದ ಹಣ ಬರಲು ಬಳಸುವ ಬ್ಯಾಂಕಿನ ಗುರುತು) ಬೇಕಲ್ವಾ? ನಮ್ಮೂರಿನ ಶಾಖೆಗೆ ಅದಿಲ್ಲ. ನಿಮ್ಮದೂ ಸಣ್ಣ ಶಾಖೆಯಾಗಿದ್ದರೆ ಯಾವ ಶಾಖೆಯ ಕೋಡ್ ಹಾಕಿದ್ರಿ, ಬ್ಯಾಂಕ್ ಎಷ್ಟು ಹಿಡ್ಕೊಂಡಿತು, ದಯವಿಟ್ಟು ಹೇಳಿ.