ವಿಚಿತ್ರ ಹೋಟೆಲಿನ ಮಕ್ಕಳ ಕಾದಂಬರಿ ಬರ್ದಿದೀನಿ, ಸ್ವಂತ ದುಡ್ಡಲ್ಲಿ ಪ್ರಿಂಟ್ ಮಾಡಿಸ್ಲಾ? ಅನುಭವ ಇದ್ದವ್ರು ಹೇಳಿ

ಸಾಗರದ_ಮಳೆಹುಡುಗಿ
ಎಲ್ರಿಗೂ ನಮಸ್ಕಾರ. 9ರಿಂದ 12 ವರ್ಷದ ಮಕ್ಕಳಿಗೆ ಅಂತ ಒಂದು ಸಾಹಸದ ಕಾದಂಬರಿ ಬರ್ದು ಮುಗ್ಸಿದೀನಿ. ಆಗುಂಬೆ ಘಾಟಿ ಹತ್ರ ಒಂದು ಹಳೇ ಹೋಟೆಲ್, ಮಳೆ ಜಾಸ್ತಿ ಆದಷ್ಟೂ ಅದಕ್ಕೆ ಮಹಡಿ ಜಾಸ್ತಿ ಆಗತ್ತೆ, ಬಿಸಿಲು ಬಂದ್ರೆ ಮೇಲಿನ ಮಹಡಿಗಳು ಮಾಯ. ರಿಸೆಪ್ಷನ್ನಲ್ಲಿ ಒಂದು ಕೆಂದಳಿಲು ಕೂತಿರತ್ತೆ. ಅಜ್ಜ ಏಳನೇ ಮಹಡೀಲಿ ಮಲ್ಗಿದ್ದಾಗ ಮಳೆ ನಿಂತು, ಮಹಡಿ ಸಮೇತ ಕಾಣೆ ಆಗ್ತಾರೆ. ಅಕ್ಕ ತಮ್ಮ ಹುಡುಕ್ಕೊಂಡು ಹೋಗ್ತಾರೆ. ಪುಸ್ತಕ ಆದ್ರೆ 150 ಪುಟ ಬರ್ಬಹುದು. ನನ್ ಹತ್ರ ಇರೋದು 60 ಸಾವಿರ. ಪ್ರಕಾಶಕರಿಗೆ ಕೊಡ್ಲಾ, ನಾನೇ ಮಾಡಿಸ್ಲಾ? ಒಳಗೆ ಚಿತ್ರ ಬೇಕೇ ಬೇಕಾ?

ಕುಶಾವತಿ_ತೀರ್ಥಳ್ಳಿ
ತಂಗಿ, ನೀವೇ ಮಾಡ್ಸಿ. ನಾನು ಮಾಡ್ಸಿದೀನಿ, ಲೆಕ್ಕ ಪೂರ್ತಿ ಇಟ್ಟಿದೀನಿ, ಬರ್ಕೊಳಿ. ಡೆಮಿ 1/8 ಸೈಜು, 160 ಪುಟ ಅಂದ್ರೆ 16 ಪುಟದ 10 ಫಾರಂ, 70 ಜಿಎಸ್‌ಎಂ ಮ್ಯಾಪ್‌ಲಿಥೋ ಕಾಗದ, ಒಳಗೆ ಬರೀ ಕಪ್ಪು, ಕವರ್ ಮಲ್ಟಿಕಲರ್, ಮ್ಯಾಟ್ ಲ್ಯಾಮಿನೇಷನ್, 1000 ಪ್ರತಿ. ಮುದ್ರಣ 62,000. ಚಿತ್ರ 22, ಒಂದಕ್ಕೆ 1,200 ಅಂದ್ರೆ 26,400. ಕವರ್ ಚಿತ್ರಕ್ಕೆ ಬೇರೆ 6,000. ಡಿಟಿಪಿ, ಅಂದ್ರೆ ಕಂಪ್ಯೂಟರಲ್ಲಿ ಪುಟ ಜೋಡ್ಸೋದು, ಪುಟಕ್ಕೆ 25 ಅಂತ 4,000, ಕರಡು ತಿದ್ದಿದವ್ರಿಗೆ 3,200. ಬೆಂಗಳೂರಿಂದ ಲಾರೀಲಿ ತರ್ಸಿದ್ದು 1,850. ಒಟ್ಟು 1,03,450. ಮುಖಬೆಲೆ 180 ಇಟ್ಟೆ, ಅಂಗ್ಡಿಯವ್ರು 40 ಪರ್ಸೆಂಟ್ ಹಿಡೀತಾರೆ, ನಮ್ ಕೈಗೆ 108. ಸಾವಿರಾನೂ ಅಂಗ್ಡೀಲೇ ಖರ್ಚಾದ್ರೆ ಉಳಿಯೋದು 4,550 ಅಷ್ಟೇ. ನೇರವಾಗಿ ಮಾರಿದ್ರೆ ಮಾತ್ರ ನಾಲ್ಕು ಕಾಸು ಉಳಿಯತ್ತೆ. ಅದಕ್ಕೂ ಈಗ ಪೋಸ್ಟಿಂದು ಕಷ್ಟ, ಪುಸ್ತಕಕ್ಕೆ ಅಂತ ಇದ್ದ ಕಡಿಮೆ ದರದ ರಿಜಿಸ್ಟರ್ಡ್ ಬುಕ್ ಪೋಸ್ಟ್ 2024ರ ಡಿಸೆಂಬರ್‌ನಲ್ಲಿ ನಿಂತೋಯ್ತು.

ಮುಖ್ಯ ವಿಷ್ಯ, ನುಡಿ ಸಾಫ್ಟ್‌ವೇರಲ್ಲಿ ಟೈಪ್ ಮಾಡಿ ಯೂನಿಕೋಡಿಗೆ ಕನ್ವರ್ಟ್ ಮಾಡಿದ್ರೆ ಅರ್ಕಾವತ್ತು ಒಂದೊಂದನ್ನೂ ಕೂತು ನೋಡ್ಬೇಕು. ನಮ್ಮ ಮೊದಲ್ನೇ ಕರಡಲ್ಲಿ ಮರ್ಯಾದೆ, ಆಶ್ಚರ್ಯ, ಕಾರ್ಯ ಎಲ್ಲದರ ಅರ್ಕಾವತ್ತೂ ಎದ್ದು ಹೋಗಿ ಪಕ್ಕದ ಅಕ್ಷರದ ತಲೆ ಮೇಲೆ ಕೂತಿತ್ತು. ಸಾಹಸದ ಕಾದಂಬರೀಲಿ ಆಶ್ಚರ್ಯ ಎಷ್ಟು ಸಲ ಬರತ್ತೆ ನೀವೇ ಯೋಚ್ನೆ ಮಾಡಿ. ಇನ್ನೊಂದು, ಜೂನಲ್ಲಿ ಪ್ರಿಂಟ್ ತರಿಸ್ಬೇಡಿ. ಕಟ್ಟುಗಳನ್ನ ಜಗಲೀಲಿ ಇಟ್ಟಿದ್ವಿ, ಆಷಾಢ ಬರೋ ಹೊತ್ತಿಗೆ ಕವರ್ ಸುರುಳಿ ಸುತ್ಕೊಂಡು ಅಂಚಲ್ಲಿ ಬೂಷ್ಟು. ಎಲ್ಲಾನೂ ಅಡಿಕೆ ಅಟ್ಟಕ್ಕೆ ಹತ್ಸಿ ಕೆಳಗೆ ಹೊಗೆ ಹಾಕಿ ಉಳಿಸ್ಕೊಂಡಿದ್ದು. ಆದ್ರೂ ಹೇಳ್ತೀನಿ, ನನ್ ಪುಸ್ತಕ ನಾನು ಅಂದ್ಕೊಂಡ ಹಾಗೇ ಬಂತು. ಒಂದು ಕಾಮಾನೂ ಯಾರೂ ಮುಟ್ಲಿಲ್ಲ.

ಗೋಪಾಳದ_ಅಕ್ಕ
ಲಕ್ಷ ರುಪಾಯಿ ಹಾಕಿ 4,550 ಉಳ್ಸೋದನ್ನ ಸಲಹೆ ಅಂತ ಬೇರೆಯವ್ರಿಗೆ ಹೇಳ್ಬೇಡಿ ದಯವಿಟ್ಟು. ಆ ಹುಡುಗಿ ಹತ್ರ ಇರೋದೇ 60 ಸಾವಿರ. ನಾನು ಪ್ರಕಾಶಕರಿಗೆ ಕೊಟ್ಟೆ, ನನ್ ಕೈಯಿಂದ ಒಂದು ರುಪಾಯಿ ಹೋಗಿಲ್ಲ. 500 ಪ್ರತಿ, ಬೆಲೆ 150, ಗೌರವಧನ 10 ಪರ್ಸೆಂಟ್. ಲೇಖಕರ ಪ್ರತಿ ಅಂತ 25 ಕೊಟ್ರು.

ಕಷ್ಟ ಇಲ್ಲ ಅಂತಲ್ಲ. ನನ್ ಕಥೇಲಿ ಹೋಟೆಲ್ ಅಂದ್ರೆ ಮಣ್ಣಿನ ಗೋಡೆ, ನಾಡಹೆಂಚು, ಎದುರಿಗೆ ದಣಪೆ ಗೇಟು, ಒಳಗೆ ಹೋದ್ರೆ ಮಾತ್ರ ಕೊನೆಯೇ ಇಲ್ದಿರೋ ಕಾರಿಡಾರ್. ಹೊರಗಿಂದ ಚಿಕ್ಕದು ಒಳಗಿಂದ ದೊಡ್ಡದು ಅನ್ನೋದೇ ಇಡೀ ಕಥೆ. ಕವರಲ್ಲಿ ಏನು ಹಾಕಿದ್ರು ಗೊತ್ತಾ, ಗಾಜಿನ ಹತ್ತು ಮಹಡಿ ಕಟ್ಟಡ, ಮುಂದೆ ಸ್ವಿಮ್ಮಿಂಗ್ ಪೂಲು! ಫೋನ್ ಮಾಡಿ ಜಗಳ ಆಡ್ದೆ. ಮಕ್ಕಳಿಗೆ ಹೋಟೆಲ್ ಅಂತ ಗೊತ್ತಾಗ್ಬೇಕಲ್ವಾ ಮೇಡಂ ಅಂದ್ರು. ಹೆಸ್ರೂ ಬದಲಾಯಿಸಿದ್ರು, ಚಿತ್ರ 15 ಕೇಳಿದ್ದಕ್ಕೆ 6 ಹಾಕಿದ್ರು. ಈಗ್ಲೂ ಆ ಕವರ್ ನೋಡಿದ್ರೆ ಹೊಟ್ಟೆ ಉರಿಯತ್ತೆ. ಆದ್ರೆ ಪುಸ್ತಕ ನಾನು ಹೋಗ್ದೇ ಇರೋ ಊರಿಗೆ ಹೋಗಿದೆ, ಬೀದರಿಂದ ಒಂದು ಮಗು ಕಾಗದ ಬರ್ದಿದೆ. ಅಟ್ಟದ ಮೇಲೆ ಹೊಗೆ ಕುಡೀತಾ ಕೂತಿಲ್ಲ.

ಕುಶಾವತಿ_ತೀರ್ಥಳ್ಳಿ
ಅಕ್ಕ, ಅಟ್ಟದ ವಿಷ್ಯ ನಾನು ಎಚ್ಚರಿಕೆಗೆ ಅಂತ ಹೇಳಿದ್ದು, ನೀವು ಅದನ್ನೇ ಹಿಡ್ಕೊಂಡು ಚುಚ್ಬೇಡಿ. 500ರಲ್ಲಿ ಒಂದಕ್ಕೆ 15 ರುಪಾಯಿ ಅಂದ್ರೆ ಎಲ್ಲಾ ಖರ್ಚಾದ್ರೂ 7,500. ನಿಮ್ಗೆ ಲೆಕ್ಕದ ಹಾಳೆ ಕೊಟ್ಟಿದಾರಾ? ಎಷ್ಟು ಮಾರಾಟ ಆಯ್ತು ಗೊತ್ತಾ?

ಗೋಪಾಳದ_ಅಕ್ಕ
ಅದು ನನ್ ವಿಷ್ಯ.

ಹಿನ್ನೀರಿನವ
ನಂದು ಕೇಳಿ ಎಲ್ರೂ. ನನ್ ಹೋಟೆಲ್ ಇರೋದು ಶರಾವತಿ ಹಿನ್ನೀರಿನ ಮಧ್ಯೆ ನಡುಗಡ್ಡೇಲಿ. ಸಂಜೆ ಕೊನೇ ಲಾಂಚ್ (ದಡದಿಂದ ದಡಕ್ಕೆ ದಾಟ್ಸೋ ದೋಣಿ) ತಪ್ಪಿದವ್ರು ಮಾತ್ರ ಅಲ್ಲಿಗೆ ಸೇರ್ಬಹುದು, ಅದೇ ಕಟ್ಟಳೆ. ಲಿಂಗನಮಕ್ಕಿ ಡ್ಯಾಂ ನೀರು 1,819 ಅಡಿ ತುಂಬಿದಾಗ ಬರೀ ಮೇಲಿನ ರೂಮುಗಳು, ನೀರು ಇಳೀತಾ ಇಳೀತಾ ಕೆಳಗಿನ ರೂಮುಗಳ ಬಾಗ್ಲು ಒಂದೊಂದಾಗಿ ತೆಗೀತವೆ, ಒಂದೊಂದ್ರಲ್ಲೂ 1964ಕ್ಕೆ ಮುಂಚಿನ ಒಂದೊಂದು ಮುಳುಗಿದ ಊರು ಹಾಗೇ ಇದೆ. ಪೂರಾ ಬೇಸಿಗೇಲಿ ಮುಳುಗಿರೋ ಹಳೇ ಮಡೆನೂರು ಡ್ಯಾಂ ಮೇಲೆ ಬರತ್ತಲ್ಲ, ಅದರ ಸೈಫನ್ನೇ (ನೀರು ಹೊರಗೆ ಬಿಡೋ ಕೊಳವೆ) ಹೋಟೆಲಿನ ಅಡುಗೆಮನೆ ಚಿಮಣಿ. ನಮ್ಮಜ್ಜಿ ಊರು ಮುಳುಗಿದ್ದು, ಅವ್ರು ಹೇಳಿದ್ದನ್ನೆಲ್ಲ ಹಾಕಿ ಬರ್ದಿದೀನಿ.

2024ರಲ್ಲಿ ಪ್ರಿಂಟ್ ಆಯ್ತು. 2025 ಜುಲೈಲಿ ಅದೇ ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ ಓಪನ್ ಆಯ್ತು. ಅವತ್ತಿಂದ ಯಾವ ಶಾಲೆಗೆ ತಗೊಂಡು ಹೋದ್ರೂ ಒಂದೇ ಮಾತು, ಸೇತುವೆ ಆಯ್ತಲ್ಲ ಸಾರ್, ಲಾಂಚ್ ಎಲ್ಲಿದೆ. ಸೇತುವೆ ಬಂದಿದ್ದಕ್ಕೆ ನನಗೂ ಸಂತೋಷವೇ, ಗರ್ಭಿಣಿಯರು ರಾತ್ರಿ ಆ ದಡದಲ್ಲೇ ಕಾಯ್ತಾ ಇದ್ದಿದ್ದನ್ನ ನೋಡಿದೋರು ನಾವು. ಆದ್ರೆ ಕಥೆಗೂ ಬಸ್ ಟೈಮಿಗೂ ಏನು ಸಂಬಂಧ?

ಹುಲಿಕಲ್_ಹೈದ
ಎರಡ್ನೇ ಮುದ್ರಣದಲ್ಲಿ ಸೇತುವೆ ಸೇರ್ಸಿಬಿಡಿ ಅಣ್ಣ, ಮುಗೀತು. ಅದಿರ್ಲಿ, ಮಳೆ ಅಂದ ಕೂಡ್ಲೆ ಎಲ್ರೂ ಯಾಕೆ ಆಗುಂಬೆ ಆಗುಂಬೆ ಅಂತೀರಿ? ನಮ್ಮ ಹುಲಿಕಲ್, ಮಾಸ್ತಿಕಟ್ಟೆ ಕಡೆ ಆಗುಂಬೆಗಿಂತ ಜಾಸ್ತಿ ಬಿದ್ದ ವರ್ಷಗಳಿವೆ. ಮಳೆಗೆ ಮಹಡಿ ಏರೋ ಹೋಟೆಲ್ ಆದ್ರೆ ಅದು ಹೊಸನಗರ ತಾಲೂಕಲ್ಲೇ ಇರ್ಬೇಕು.

ಹಿನ್ನೀರಿನವ
"ಸೇರ್ಸಿಬಿಡಿ ಮುಗೀತು" ಅಂದ್ರೆ ಎಂತ ಮಾರಾಯ? ಕೊನೇ ಲಾಂಚ್ ತೆಗೆದ್ರೆ ಆ ಹೋಟೆಲಿಗೆ ಯಾರೂ ಹೋಗೋಕೇ ಆಗಲ್ಲ. ಓದಿ ಮಾತಾಡು.

ಘಾಟಿ_ತಿರುವು_14
ಹುಲಿಕಲ್ ತಮ್ಮಾ, ಮಳೆ ಅಳತೆ ಒಂದರಿಂದ ಆಗುಂಬೆ ಆಗುಂಬೆ ಆಗಿಲ್ಲ. ಆ ಕಾಡು, ಆ ಕಾಳಿಂಗ, ಹದಿನಾಲ್ಕು ತಿರುವು ಇಳೀವಾಗ ಮುಂದಿನ ಗಾಡಿ ಕಾಣ್ದಿರೋ ಮಂಜು, ಇದೆಲ್ಲ ಮಕ್ಕಳ ಕಥೆಗೆ ಹೇಳಿ ಮಾಡ್ಸಿದ್ದು. ಮಳೆ ನಿಮ್ದೇ ಜಾಸ್ತಿ ಇರ್ಲಿ ಬಿಡಿ.

ಹುಲಿಕಲ್_ಹೈದ
"ಇರ್ಲಿ ಬಿಡಿ" ಅನ್ನೋಕೆ ನೀವು ಯಾರು? ಪ್ರವಾಸಿಗರು ಬರೋ ಊರಿಗೆ ಒಂದು ನ್ಯಾಯ, ನಮ್ಗೆ ಒಂದು ನ್ಯಾಯ. ಇಂಬಳ (ಕಾಡು ಜಿಗಣೆ) ಕಚ್ಚಿಸ್ಕೊಂಡು ಬಸ್ಸಿಗೆ ನಡ್ದು ಹೋದೋರು ನಾವು.

ಕನ್ನಡ_ಮೇಷ್ಟ್ರು
ಜಗಳ ನಿಲ್ಸಿ. ನಾನು ಸರ್ಕಾರಿ ಶಾಲೆ ಮೇಷ್ಟ್ರು, ನಂದೂ ಒಂದು ಹೋಟೆಲ್ ಕಾದಂಬರಿ ಇದೆ. ಅಲ್ಲಿ ಬಿಲ್ಲಿಗೆ ದುಡ್ಡು ತಗೊಳಲ್ಲ, ಹೊರಡೋವಾಗ ಯಾರಿಗೂ ಹೇಳ್ದಿರೋ ಒಂದು ಗುಟ್ಟು ಹೇಳ್ಬೇಕು. ನಾನು ಪ್ರಿಂಟೂ ಮಾಡಿಸ್ಲಿಲ್ಲ, ಪ್ರಕಾಶಕರ ಹತ್ರಾನೂ ಹೋಗ್ಲಿಲ್ಲ, ಮೊದ್ಲು ಐದನೇ ಕ್ಲಾಸಿಗೆ ಕೊನೇ ಪಿರಿಯಡ್ಡಲ್ಲಿ ಓದ್ದೆ. ಮೂರನೇ ಅಧ್ಯಾಯಕ್ಕೇ ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತು, ಸುಳ್ಳು ಗುಟ್ಟು ಹೇಳಿ ಓಡಿ ಹೋದ್ರೆ ಏನಾಗತ್ತೆ ಸಾ ಅಂದ್ಲು. ನನ್ ಹತ್ರ ಉತ್ತರ ಇರ್ಲಿಲ್ಲ. ಆಮೇಲೆ ಬರ್ದಿದ್ದೇ ಈಗ ಪುಸ್ತಕದ ಅತ್ಯುತ್ತಮ ಭಾಗ: ಸುಳ್ಳು ಹೇಳಿದವ್ರು ಗೇಟ್ ದಾಟಿದ್ರೆ ಮತ್ತೆ ಅದೇ ರೂಮಿನ ಮಂಚದ ಮೇಲೆ ಏಳ್ತಾರೆ. ಹೋಟೆಲ್ ಎಷ್ಟೇ ವಿಚಿತ್ರ ಇರ್ಲಿ, ಅದರ ಕಟ್ಟಳೆ ಬಿಗಿ ಇರ್ಬೇಕು. ಮಳೆ ಬಂದ್ರೆ ಮಹಡಿ ಅಂದ್ಮೇಲೆ ಕೊನೇ ಅಧ್ಯಾಯದಲ್ಲೂ ಮಳೆಯಿಂದ್ಲೇ ಅಜ್ಜ ಸಿಗ್ಬೇಕು, ಮಂತ್ರದ ಕೋಲು ತಂದ್ರೆ ಮಕ್ಕಳು ಪುಸ್ತಕ ಮುಚ್ಚಿಡ್ತವೆ. ಇನ್ನೊಂದು, ಅವ್ರಿಗೆ ಊಟದ್ದು ಪೂರ್ತಿ ಬೇಕು. ಅಡುಗೆಮನೇಲಿ ಬರೀ "ರುಚಿರುಚಿ ತಿಂಡಿ" ಅಂತ ಇತ್ತು, ಯಾವ್ದು ಅಂತ ಬಿಡ್ಲಿಲ್ಲ. ಕೊಟ್ಟೆ ಕಡುಬು, ಕಳಲೆ ಪಲ್ಯ, ಒಂದೆಲಗದ ತಂಬುಳಿ ಅಂತ ಹೆಸರಿಟ್ಟು ಬರ್ದ್ಮೇಲೇ ಸಮಾಧಾನ ಆಗಿದ್ದು.

ಗೋಪಾಳದ_ಅಕ್ಕ
ಮೇಷ್ಟ್ರೆ, ನಿಮ್ಗೆ ಕ್ಲಾಸ್ ಇದೆ, ಸಂಬಳ ಇದೆ, ಕಾಯ್ಬಹುದು. ಮನೇಲಿ ಇರೋರು ಯಾರಿಗೆ ಓದೋದು?

ಕನ್ನಡ_ಮೇಷ್ಟ್ರು
ಮಳೆಗಾಲದಲ್ಲಿ ಪಕ್ಕದ್ಮನೆ ಮಕ್ಕಳನ್ನ ಜಗಲೀಲಿ ಕೂರ್ಸಿ ಓದೋಕೆ ಸಂಬಳ ಬೇಕಾ ಅಕ್ಕ? ನಮ್ಮ ಸಾಗರದ ನಾ. ಡಿಸೋಜ ಅವ್ರು ಮುಳುಗಡೆಯಂಥ ಭಾರದ ವಿಷ್ಯವನ್ನೇ ಮಕ್ಕಳಿಗೆ ಬರ್ದು 2011ರಲ್ಲಿ ಬಾಲ ಸಾಹಿತ್ಯ ಪುರಸ್ಕಾರ ತಗೊಂಡ್ರು. ಮಕ್ಕಳ ಮಟ್ಟ ಅಂತ ನಾವು ಅಂದ್ಕೊಂಡಿರೋದಕ್ಕಿಂತ ಅವ್ರು ತುಂಬ ಮುಂದೆ ಇದಾರೆ, ಅದು ಅವ್ರ ಮುಂದೆ ಕೂತು ಓದಿದ್ರೇ ಗೊತ್ತಾಗೋದು.

ಹಿನ್ನೀರಿನವ
ಅದನ್ನೇ ಆ ಹೆಡ್‌ಮಾಸ್ಟರುಗಳಿಗೆ ಹೇಳಿ ಮೇಷ್ಟ್ರೆ. ಮಕ್ಕಳು ಯಾರೂ ನನ್ನ ಸೇತುವೆ ಕೇಳಿಲ್ಲ, ಕೇಳಿದ್ದೆಲ್ಲ ದೊಡ್ಡವ್ರೇ.

ಸಾಗರದ_ಮಳೆಹುಡುಗಿ
ಎಲ್ರಿಗೂ ಥ್ಯಾಂಕ್ಸ್. ಚಿತ್ರ ಬೇಕೇ ಬೇಕಾ ಅಂತ ಯಾರೂ ಹೇಳ್ಲಿಲ್ಲ. ಮತ್ತೆ ಐಎಸ್‌ಬಿಎನ್ (ಪುಸ್ತಕದ ಗುರುತಿನ ನಂಬರ್) ಮಾಡ್ಸೋಕೆ 3,000 ಆಗತ್ತೆ ಅಂತ ಒಬ್ರು ಹೇಳ್ತಿದಾರೆ, ಹೌದಾ?

ಕುಶಾವತಿ_ತೀರ್ಥಳ್ಳಿ
ಒಂದು ಪೈಸೆ ಕೊಡ್ಬೇಡಿ! ಐಎಸ್‌ಬಿಎನ್ ಪುಕ್ಕಟೆ, ರಾಜಾ ರಾಮಮೋಹನ ರಾಯ್ ಹೆಸರಿನ ಕೇಂದ್ರ ಸರ್ಕಾರದ ಏಜೆನ್ಸಿಯೇ ಕೊಡತ್ತೆ, ಆನ್‌ಲೈನಲ್ಲಿ ನೀವೇ ಅರ್ಜಿ ಹಾಕ್ಬಹುದು. ಮಧ್ಯದವ್ರು ದುಡ್ಡು ಹೊಡೆಯೋ ಜಾಗ ಇದೇ. ನಿಮ್ಗೆ ವಯಸ್ಸು ಚಿಕ್ಕದಾದ್ರೆ ಕನ್ನಡ ಪುಸ್ತಕ ಪ್ರಾಧಿಕಾರದಲ್ಲಿ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಇದೆ, ವಯಸ್ಸಿನ ಮಿತಿ ನೋಡ್ಕೊಂಡು ಹಾಕಿ. ಪುಸ್ತಕ ಆದ್ಮೇಲೆ ಶಿವಮೊಗ್ಗದ ಕರ್ನಾಟಕ ಸಂಘದ ಬಹುಮಾನಕ್ಕೂ ಕಳ್ಸಿ. ಚಿತ್ರ ಬೇಕೇ ಬೇಕು, ಆದ್ರೆ 22 ಬೇಡ. ಅಧ್ಯಾಯಕ್ಕೆ ಒಂದು, ಇಂಡಿಯನ್ ಇಂಕಲ್ಲಿ ಬರ್ಸಿ, ಕಪ್ಪು ಬಿಳುಪಲ್ಲಿ ಚೆನ್ನಾಗಿ ಕೂರತ್ತೆ. 1000 ಬದ್ಲು 300 ಪ್ರತಿ ಡಿಜಿಟಲ್ ಪ್ರಿಂಟ್ ಮಾಡ್ಸಿದ್ರೆ ನಿಮ್ 60 ಸಾವಿರದೊಳಗೇ ಆಗತ್ತೆ.

ಗೋಪಾಳದ_ಅಕ್ಕ
300 ಡಿಜಿಟಲ್ ಅಂದ್ರೆ ಒಂದೊಂದ್ರ ರೇಟು ಎಷ್ಟು ಬೀಳತ್ತೆ ಅದನ್ನೂ ಹೇಳಿ, ಬೆಲೆ 250 ಇಟ್ರೆ ಯಾವ ಮಗು ತಗೊಳತ್ತೆ?

ಹುಲಿಕಲ್_ಹೈದ
ನಾನು ತಗೋತೀನಿ. ಹೋಟೆಲ್ ಹುಲಿಕಲ್ಲಿಗೆ ಶಿಫ್ಟ್ ಮಾಡಿದ್ರೆ ಹತ್ತು ಪ್ರತಿ.